ಗ್ರೇವಿಗೆ ಎರಡು ಪಾತ್ರೆ ಇಡಿ: ನಮ್ಮೂರ ಕಾರ್ವರಿ ಪಬ್ಬಿನ ಮ್ಯಾನೇಜರಿಗೆ ಒಂದು ಬಹಿರಂಗ ಪತ್ರ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಕನ್ನಡ ಬರಲ್ಲ ಅಂತ ಗೊತ್ತು. ಮಾಂಸ ತಿನ್ನದವರಿಗೂ ನೀವು ಬಡಿಸುವ ಗ್ರೇವಿ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆದು ನೋಡಿದ್ದಾಯಿತು. ನಿಮ್ಮ ಹೆಡ್ ಆಫೀಸಿನಿಂದ ಬಂದ ಉತ್ತರದಲ್ಲಿ ನನ್ನದು ಅಂತ ಇದ್ದದ್ದು ಹೆಸರೊಂದೇ, ಅದರ ಸ್ಪೆಲಿಂಗೂ ತಪ್ಪಿತ್ತು. ಉಳಿದದ್ದೆಲ್ಲ ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು. ಜೊತೆಗೊಂದು ಕೂಪನ್, ಸೋಮವಾರದಿಂದ ಗುರುವಾರದವರೆಗೆ ಮಾತ್ರ ನಡೆಯುವಂಥದ್ದು, ಬಿಲ್ಲಿನಲ್ಲಿ ಶೇಕಡಾ 20 ಕಡಿತ. ಅದಕ್ಕೇ ಈ ಸಲ ನನ್ನ ಭಾಷೆಯಲ್ಲೇ, ಎಲ್ಲರೆದುರು ಬರೆಯುತ್ತಿದ್ದೇನೆ. ಇದನ್ನ ಇಂಗ್ಲಿಷಿಗೆ ತಿರುಗಿಸಿಕೊಳ್ಳೋದು ಈಗ ಫೋನ್ ಇರುವ ಯಾರಿಗಾದರೂ ಒಂದು ನಿಮಿಷದ ಕೆಲಸ. ನೀವು ಓದದೇ ಹೋದರೂ ಇಂಗ್ಲೆಂಡಿನಲ್ಲಿರುವ ನಮ್ಮ ಜನ ಓದುತ್ತಾರೆ. ಬೇಸಿಗೆ ಬಂತು ಅಂದರೆ ಅವರ ಮನೆಗಳಿಗೂ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಂಡ್ಯದ ಕಡೆಯವನು. 2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಊಟಕ್ಕೆ ಬಾಡೂ ಇರಲಿ ಅಂತ ಜನ ಪಟ್ಟು ಹಿಡಿದರು, ಇಲ್ಲಿ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಕೂತುಕೊಂಡೇ ನಾನೂ ಅವರ ಪರ ಇದ್ದೆ. ಹಾಗಾಗಿ ಮಾಂಸ ಕಂಡರೆ ಮೂಗು ಮುರಿಯುವವನೊಬ್ಬ ಬರೆದ ದೂರು ಅಂತ ಇದನ್ನ ಪಕ್ಕಕ್ಕೆ ಸರಿಸಬೇಡಿ. ನಿಮ್ಮ ಕೌಂಟರಿನಲ್ಲಿ ಟರ್ಕಿ ಕೋಳಿ ಮತ್ತು ಗ್ಯಾಮನ್ (ಉಪ್ಪು ಹಿಡಿಸಿದ ಹಂದಿ ತೊಡೆ) ಎರಡನ್ನೂ ಹಾಕಿಸಿಕೊಂಡು, ಇನ್ನೊಂದು ತುಂಡು ಸಿಗುತ್ತಾ ಅಂತ ಕಾಯುತ್ತಾ ನಿಲ್ಲುವ ಗಿರಾಕಿ ನಾನು.

ಕಾರ್ವರಿ ಅಂದರೇನು ಅಂತ ಗೊತ್ತಿಲ್ಲದ ನಮ್ಮವರಿಗೆ ಎರಡು ಮಾತು. ಇಲ್ಲಿಯವರು ಭಾನುವಾರ ಮಧ್ಯಾಹ್ನ ಮಾಡುವ ರೋಸ್ಟ್ ಊಟ ಇದೆಯಲ್ಲ, ಅದನ್ನೇ ಪಬ್ಬಿನಲ್ಲಿ ಸಾಲು ನಿಂತು ತಿನ್ನುವ ವ್ಯವಸ್ಥೆ. ಮೊದಲು ಬಾರ್ ಹತ್ತಿರ ದುಡ್ಡು ಕೊಟ್ಟು ಚೀಟಿ ತಗೋಬೇಕು, ನಮ್ಮ ದರ್ಶಿನಿಯ ಟೋಕನ್ ಥರ. ಆಮೇಲೆ ತಟ್ಟೆ ಹಿಡಿದು ಕ್ಯೂ. ಕೌಂಟರಿನಲ್ಲಿ ಬಿಸಿ ದೀಪದ ಕೆಳಗೆ ಇಡಿ ಇಡಿ ಮಾಂಸದ ಗಡ್ಡೆಗಳು: ಬೀಫ್, ಟರ್ಕಿ, ಗ್ಯಾಮನ್, ಕೆಲವು ದಿನ ಪೋರ್ಕ್. ಉದ್ದನೆಯ ಚಾಕು ಹಿಡಿದವರು ನಿಮ್ಮ ಕಣ್ಣೆದುರೇ ಕೊಯ್ದು ತಟ್ಟೆಗೆ ಹಾಕುತ್ತಾರೆ, ಮೇಲೊಂದು ಯಾರ್ಕ್‌ಷೈರ್ ಪುಡಿಂಗ್ ಇಡುತ್ತಾರೆ, ಸಿಹಿಯಲ್ಲ, ಹಿಟ್ಟು ಕಲಸಿ ಬಟ್ಟಲಿನ ಹಾಗೆ ಉಬ್ಬಿಸಿ ಬೇಯಿಸಿದ್ದು. ಮುಂದೆ ನೀವೇ ಬಡಿಸಿಕೊಳ್ಳೋದು. ಹುರಿದ ಆಲೂಗಡ್ಡೆ, ಮ್ಯಾಶ್ ಅಂದರೆ ಬೇಯಿಸಿ ಹಿಸುಕಿದ ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಎಲೆಕೋಸು, ಚೀಸ್ ಹಾಕಿದ ಹೂಕೋಸು, ಬ್ರೆಡ್ ಪುಡಿ ಕಲಸಿ ಮಾಡಿದ ಸ್ಟಫಿಂಗ್, ಕೊನೆಗೆ ಎಲ್ಲದರ ಮೇಲೆ ಗ್ರೇವಿ, ಅಂದರೆ ಕಂದು ಬಣ್ಣದ ಸಾರು. ತಟ್ಟೆ ಗೋಪುರದ ಹಾಗೆ ಆಗುತ್ತೆ. ಎಷ್ಟು ಬೇಕಾದರೂ ತರಕಾರಿ ಹಾಕಿಕೊಳ್ಳಬಹುದು, ಯಾರೂ ಮುಖ ನೋಡಲ್ಲ. ನನಗೆ ಇಲ್ಲಿಯ ಊಟದಲ್ಲಿ ಮೊದಲು ಇಷ್ಟವಾಗಿದ್ದೇ ಈ ಧಾರಾಳ.

ಬಡಿಸುವವ ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅಂತ ನಮ್ಮಲ್ಲೊಂದು ಮಾತಿದೆ. ನಿಮ್ಮ ಪಬ್ಬಿನಲ್ಲಿ ನನಗೆ ಅಂಥವರೊಬ್ಬರು ಇದ್ದರು. ನೀವು ಬರುವುದಕ್ಕೆ ಮುಂಚೆ, ಕೋವಿಡ್‌ಗೂ ಮುಂಚೆ. ವಯಸ್ಸಾದವರು, ತಲೆಗೆ ಬಿಳಿ ಟೋಪಿ, ಮಾತು ಕಮ್ಮಿ. ನಾನು ಮೊದಲನೇ ಸಲ ಹೋಗಿ ಪೆಚ್ಚಾಗಿ ನಿಂತಿದ್ದಾಗ ಬೀಫಿಗೆ ಹಾರ್ಸ್‌ರ‍್ಯಾಡಿಶ್ ಅನ್ನೋ ಖಾರದ ಬೇರಿನ ಸಾಸ್, ಪೋರ್ಕಿಗೆ ಸೇಬಿನ ಸಾಸ್, ಟರ್ಕಿಗೆ ಕ್ರ್ಯಾನ್‌ಬೆರಿ ಅಂತ ಒಂದೊಂದನ್ನೇ ಬೆರಳು ಮಾಡಿ ತೋರಿಸಿದ್ದರು. ಹಿಂದೆಲ್ಲ ಯಾರ್ಕ್‌ಷೈರ್ ಪುಡಿಂಗನ್ನ ಗ್ರೇವಿ ಜೊತೆ ಮೊದಲೇ ಬಡಿಸಿಬಿಡುತ್ತಿದ್ದರಂತೆ. ಅದರಲ್ಲೇ ಅರ್ಧ ಹೊಟ್ಟೆ ತುಂಬಿದರೆ ಮಾಂಸ ಎಲ್ಲರಿಗೂ ಸಾಲುತ್ತೆ ಅನ್ನೋ ಲೆಕ್ಕ. ನಮ್ಮ ಮನೆಯಲ್ಲಿ ಅಜ್ಜಿ ಮೊದಲು ಎರಡು ಮುದ್ದೆ ಇಟ್ಟು ಆಮೇಲೆ ಸಾರಿನ ತುಂಡು ಎಣಿಸುತ್ತಿದ್ದಳು ಅಂತ ಹೇಳಿದೆ. ಅವತ್ತಿಂದ ನನಗೆ ಒಂದು ತುಂಡು ಜಾಸ್ತಿ. ಅವರು ಮಾಂಸದ ಎಳೆಗೆ ಅಡ್ಡವಾಗಿ ಕೊಯ್ಯುತ್ತಿದ್ದರು, ಬಾಯಿಗಿಟ್ಟರೆ ಹಲ್ಲಿಗೆ ಕೆಲಸವೇ ಇರಲಿಲ್ಲ.

ಈಗ ಆ ಸುಖ ಇಲ್ಲ ಬಿಡಿ. ಮಾಂಸ ಮೊದಲೇ ಕೊಯ್ದಿಟ್ಟಿರುತ್ತೆ, ಅಂಚು ಒಣಗಿ ಸುರುಳಿ ಸುತ್ತಿಕೊಂಡಿರುತ್ತೆ. ತಟ್ಟೆ ತಣ್ಣಗೆ. ಪುಡಿಂಗ್ ಕೆಲವು ಭಾನುವಾರ ತೆಂಗಿನ ಕರಟ. ಗ್ರೇವಿ ಮೇಲೆ ಕೆನೆ ಕಟ್ಟಿರುತ್ತೆ. ಬಿಸಿ ಅಡುಗೆ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಬಡಿಸಲು ಇಟ್ಟದ್ದಕ್ಕೆ ಎರಡು ಗಂಟೆಯವರೆಗೆ ವಿನಾಯಿತಿ ಅಂತ ಇಲ್ಲಿಯ ನಿಯಮ. ನೀವು ನಿಯಮ ಮುರಿದಿರಿ ಅಂತ ನಾನು ಹೇಳುತ್ತಿಲ್ಲ, ಥರ್ಮಾಮೀಟರ್ ಹಿಡಿದು ಯಾರೂ ಊಟಕ್ಕೆ ಬರಲ್ಲ. ಬೆಚ್ಚಗಿರೋದಕ್ಕೂ ಬಿಸಿ ಇರೋದಕ್ಕೂ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತೆ ಅಂತಷ್ಟೇ.

ಇದಕ್ಕೆಲ್ಲ ಕಾರಣ ಏನು ಅಂತಲೂ ನನಗೆ ಗೊತ್ತು. 2025ರ ಏಪ್ರಿಲ್‌ನಲ್ಲಿ 21 ತುಂಬಿದವರ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್‌ಗೆ ಏರಿತು, ನ್ಯಾಷನಲ್ ಇನ್ಶೂರೆನ್ಸ್‌ಗೆ, ಅಂದರೆ ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ವಿಮೆ ಹಣಕ್ಕೆ, ಮಾಲೀಕರು ಕಟ್ಟುವ ಪಾಲು ಶೇಕಡಾ 13.8ರಿಂದ 15ಕ್ಕೆ ಏರಿತು. ಕರೆಂಟು, ಗ್ಯಾಸು, ಮಾಂಸ, ಎಲ್ಲದರ ಬೆಲೆ ಹೇಗಿದೆ ಅಂತ ನಾನೂ ಮನೆ ನಡೆಸುವವನೇ ಅಲ್ವಾ. ಭಾನುವಾರ ತುಂಬಿದ ಹಾಲ್‌ನಲ್ಲಿ ಒಬ್ಬಳೇ ಹುಡುಗಿ ಟೇಬಲ್ ಒರೆಸುತ್ತಾ, ತಟ್ಟೆ ಎತ್ತುತ್ತಾ, ಮಕ್ಕಳಿಗೆ ಕುರ್ಚಿ ತರುತ್ತಾ ಓಡಾಡುವುದನ್ನ ನೋಡಿದ್ದೇನೆ. ಅವಳ ಕೈಗೆ ಪ್ರತಿ ಸಲ ಐದು ಪೌಂಡ್ ಇಟ್ಟು ಬರುತ್ತೇನೆ. 2024ರ ಅಕ್ಟೋಬರ್ 1ರಿಂದ ಟಿಪ್ಸ್‌ಗೆ ಕಾನೂನೇ ಇದೆ, ಅದರಲ್ಲಿ ಮಾಲೀಕರು ಒಂದು ಪೆನ್ನಿಯನ್ನೂ ಮುರಿದುಕೊಳ್ಳುವಂತಿಲ್ಲ. ಹಾಗಾಗಿ ತಣ್ಣನೆ ತಟ್ಟೆ, ಅಂಟು ಟೇಬಲ್, ಮುಕ್ಕಾಲು ಗಂಟೆ ಕ್ಯೂ, ಇದಕ್ಕೆಲ್ಲ ನಾನು ಪತ್ರ ಬರೆಯುವವನೇ ಅಲ್ಲ.

ಬರೆಸಿದ್ದು ನಮ್ಮ ಅತ್ತೆಯ ತಟ್ಟೆ.

ಅತ್ತೆ ದಾವಣಗೆರೆಯವರು. ಲಿಂಗಾಯತರ ಮನೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮಗಳು ಮಂಡ್ಯದ ಬಾಡು ತಿನ್ನುವವನನ್ನ ಕಟ್ಟಿಕೊಂಡಳು ಅಂತ ಒಂದು ವರ್ಷ ಮಾತು ಬಿಟ್ಟಿದ್ದರು, ಆಮೇಲೆ ನನ್ನನ್ನೇ ಮಗಳಿಗಿಂತ ಜಾಸ್ತಿ ಹಚ್ಚಿಕೊಂಡರು, ಅದು ಬೇರೆ ಕಥೆ. ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಬಂದ ವಾರವೇ ಲಂಡನ್ನಿಗೆ ಕರೆದುಕೊಂಡು ಹೋಗಿ ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನ ಪ್ರತಿಮೆ ತೋರಿಸಿದೆವು, 2015ರಲ್ಲಿ ಅನಾವರಣ ಆದದ್ದು. ಅಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತರು. ಬಿಗ್ ಬೆನ್ ಕಡೆ ಸುಮ್ನೆ ಒಂದು ನೋಟ ಅಷ್ಟೇ.

ಮುಂದಿನ ಭಾನುವಾರ, ಮಕ್ಕಳ ಹಟಕ್ಕೆ, ನಿಮ್ಮಲ್ಲಿಗೆ ಬಂದೆವು. ಅತ್ತೆಗೆ ಮಾಂಸ ಇಲ್ಲದ ತಟ್ಟೆಗೆ ಚೀಟಿ ತಗೊಂಡೆ. ಬಾರ್‌ನಲ್ಲಿದ್ದ ಹುಡುಗನನ್ನ ಕೇಳಿದೆ: ಗ್ರೇವಿ ವೆಜಿಟೇರಿಯನ್ನಾ? ಹೌದು ಅಂದ. ಸರಿಯಾಗಿ ನೋಡಪ್ಪಾ ಅಂದೆ. ಪಾಪ, ಬೇಜಾರು ಮಾಡಿಕೊಳ್ಳದೆ ಕೌಂಟರ್ ಕೆಳಗಿಂದ ಒಂದು ಫೈಲ್ ತೆಗೆದ, ಪುಟ ತಿರುವಿ ನನ್ನ ಕಡೆ ಹಿಡಿದ. ಗ್ರೇವಿ ಅಂತ ಬರೆದ ಸಾಲಿನ ಮುಂದೆ ಹಸಿರು ಬಣ್ಣದಲ್ಲಿ ‘ವಿ’ ಅಕ್ಷರ. ಆಲೂಗಡ್ಡೆ ಮುಂದೆಯೂ ‘ವಿ’. ಹುಡುಗನ ತಪ್ಪು ಏನೂ ಇಲ್ಲ, ಇದನ್ನ ಇನ್ನೊಂದು ಸಲ ಬೇಕಾದರೂ ಬರೆಯುತ್ತೇನೆ.

ಯಾರ್ಕ್‌ಷೈರ್ ಪುಡಿಂಗಿಗೆ ಮೊಟ್ಟೆ ಹಾಕಿರುತ್ತಾರೆ, ಅದು ಬೇಡ ಅಂತ ನಾನೇ ಅತ್ತೆಗೆ ಹೇಳಿದೆ. ಅವರು ಮ್ಯಾಶ್, ಬಟಾಣಿ, ಕ್ಯಾರೆಟ್ ಹಾಕಿಕೊಂಡರು. ಮ್ಯಾಶ್‌ನ ನಡುವೆ ಚಮಚದ ಹಿಂಬದಿಯಿಂದ ಒಂದು ಗುಳಿ ಮಾಡಿ ಅದರೊಳಗೆ ಗ್ರೇವಿ ಹುಯ್ದುಕೊಂಡರು, ಅನ್ನದ ನಡುವೆ ಸಾರಿಗೆ ಜಾಗ ಮಾಡಿಕೊಳ್ಳುವ ಹಾಗೇ. ತಿಂದು ನೋಡಿ, “ಅಳಿಯಂದ್ರೇ, ಈ ಸಾರು ಭಾಳ ಚೆನ್ನಾಗೈತಿ ನೋಡ್ರಿ” ಅಂದರು. ಈ ದೇಶಕ್ಕೆ ಬಂದ ಮೇಲೆ ಅವರು ಇಲ್ಲಿಯ ಅಡುಗೆಯನ್ನ ಹೊಗಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿ ಆಯಿತು ಅಂದರೆ, ಇನ್ನೊಂದಿಷ್ಟು ತರ್ತೀನಿ ಇರಿ ಅಂತ ಬಟ್ಟಲು ಹಿಡಿದು ನಾನೇ ಎದ್ದು ಹೋದೆ.

ಆಗ ಕೌಂಟರಿನಲ್ಲಿ ಜನ ಕಮ್ಮಿ ಇದ್ದರು. ಕೊಯ್ಯುತ್ತಿದ್ದವರು ಚಾಕು ಪಕ್ಕಕ್ಕಿಟ್ಟರು. ಮಾಂಸ ಕೊಯ್ಯುವ ಹಲಗೆಗೆ ಸುತ್ತ ಒಂದು ಕಾಲುವೆ ಇರುತ್ತಲ್ಲ, ಅದರಲ್ಲಿ ಕಂದು ಬಣ್ಣದ ರಸ ತುಂಬಿತ್ತು. ಹಲಗೆಯನ್ನ ಎರಡೂ ಕೈಯಲ್ಲಿ ಎತ್ತಿ, ಒಂದು ಮೂಲೆಯನ್ನ ಗ್ರೇವಿ ಪಾತ್ರೆಯ ಬಾಯಿಗೆ ತಾಗಿಸಿ, ನಿಧಾನವಾಗಿ ಬಗ್ಗಿಸಿದರು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಆಮೇಲೆ ಸೌಟಿನಿಂದ ಎರಡು ಸುತ್ತು ತಿರುವಿ, ಮುಂದಿನ ಗಿರಾಕಿಗೆ ನಗುತ್ತಾ ಚಾಕು ಎತ್ತಿಕೊಂಡರು. ಅದು ಅವತ್ತಿನ ಮೊದಲ ಸಲ ಅಲ್ಲ ಅಂತ ಕೈ ನೋಡಿದರೇ ಗೊತ್ತಾಗುತ್ತಿತ್ತು.

ಬಟ್ಟಲು ಹಿಡಿದು ನಿಂತೇ ಇದ್ದೆ. ನಿಜ ಹೇಳಬೇಕೆಂದರೆ, ನಾನೊಬ್ಬನೇ ಬಂದಿದ್ದರೆ ಆ ಕೈಗೆ ಶಹಭಾಸ್ ಅನ್ನುತ್ತಿದ್ದೆ. ಪುಡಿ ಕಲಸಿ ಮಾಡಿದ ಗ್ರೇವಿಗೆ ಜೀವ ಬರೋದೇ ಆ ರಸದಿಂದ. ಅಡುಗೆ ಗೊತ್ತಿರುವ ಯಾರೇ ಆದರೂ ಅದನ್ನ ಸಿಂಕಿಗೆ ಚೆಲ್ಲಲ್ಲ. ಸಾರು ಭಾಳ ಚೆನ್ನಾಗೈತಿ ಅಂತ ಅತ್ತೆ ಸುಮ್ನೆ ಹೇಳಿದ್ದಲ್ಲ.

ಹೇಳಬೇಕೋ ಬೇಡವೋ ಅಂತ ನಾನು ಯೋಚನೆ ಮಾಡಿದ್ದು ಕೌಂಟರಿನಿಂದ ಟೇಬಲ್‌ವರೆಗಿನ ಹದಿನೈದು ಹೆಜ್ಜೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಖಾಲಿ ಬಟ್ಟಲು ನೋಡಿ ನನ್ನ ಹೆಂಡತಿಗೆ ಅನುಮಾನ ಬಂತು, ಮುಖ ನೋಡಿ ಗಟ್ಟಿಯಾಯಿತು. ಹೇಳಿದೆ. ಅತ್ತೆ ಚಮಚ ಕೆಳಗಿಟ್ಟರು. ಕೈ ಸೆರಗಿನೊಳಗೆ ಕೊರಳಲ್ಲಿದ್ದ ಲಿಂಗದ ಕಡೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು, “ಹೋಗ್ಲಿ ಬಿಡ್ರಿ, ನೀವೇನು ಬೇಕಂತ ಮಾಡಿದ್ರಾ. ಆ ಹುಡುಗನ್ನ ಬೈಬ್ಯಾಡ್ರಿ” ಅಂದರು. ಯಾವುದರ ಮಾಂಸ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ, ಇಲ್ಲೂ ಬರೆಯಲ್ಲ. ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂತವರು ರಾತ್ರಿ ಊಟಕ್ಕೆ ಏಳಲಿಲ್ಲ. ಈ ಪತ್ರವನ್ನ ಅವರನ್ನ ಕೇಳಿಯೇ ಬರೆಯುತ್ತಿದ್ದೇನೆ.

ಅವತ್ತು ನೀವು ರಜೆಯಲ್ಲಿದ್ದಿರಂತೆ. ಡ್ಯೂಟಿಯಲ್ಲಿದ್ದ ನಿಮ್ಮ ಸಹಾಯಕರು ಬಂದರು. ಅವರು ಕೇಳಿದ ಮೊದಲ ಪ್ರಶ್ನೆ: ಅವರಿಗೆ ಅಲರ್ಜಿ ಇದೆಯಾ? ಇಲ್ಲ ಅಂದೆ. ಅವರ ಹೆಗಲು ಇಳಿದು ಉಸಿರು ಸರಾಗ ಆದದ್ದು ನನ್ನ ಕಣ್ಣಿಗೆ ಕಂಡಿತು. ಆಮೇಲೆ ತುಂಬಾ ವಿನಯದಿಂದ ಸಾರಿ ಹೇಳಿ, ಒಂದು ಐಸ್‌ಕ್ರೀಮ್ ಫ್ರೀ ಕೊಡ್ತೀವಿ ಅಂದರು.

ಆ ಉಸಿರಿನ ಬಗ್ಗೆ ನಾನು ತುಂಬಾ ದಿನ ಯೋಚಿಸಿದೆ. ಅವರ ಭಯ ನನಗೆ ಅರ್ಥ ಆಗುತ್ತೆ. ಈ ದೇಶದಲ್ಲಿ ಹೋಟೆಲಿನವರು ಹೇಳಲೇಬೇಕಾದ ಅಲರ್ಜಿ ಪದಾರ್ಥ 14 ಇವೆ. ಹಾಲು, ಮೊಟ್ಟೆ, ಕಡಲೆಕಾಯಿ, ಎಳ್ಳು, ಸಾಸಿವೆ, ಸೆಲರಿ, ಹೀಗೆ. 2016ರಲ್ಲಿ ನತಾಶಾ ಅನ್ನೋ ಹದಿನೈದು ವರ್ಷದ ಹುಡುಗಿ ಎಳ್ಳು ಇದ್ದ ಸ್ಯಾಂಡ್‌ವಿಚ್ ತಿಂದು ತೀರಿಕೊಂಡಳು. ಪೊಟ್ಟಣದ ಮೇಲೆ ಎಳ್ಳಿನ ಹೆಸರೇ ಇರಲಿಲ್ಲ. ಅವಳ ಅಪ್ಪ ಅಮ್ಮನ ಹೋರಾಟದಿಂದ 2021ರ ಅಕ್ಟೋಬರ್‌ನಲ್ಲಿ ಅವಳ ಹೆಸರಿನ ಕಾನೂನು ಬಂತು, ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿಂಡಿಯ ಮೇಲೂ ಒಳಗೇನಿದೆ ಅಂತ ಪೂರ್ತಿ ಬರೆಯಬೇಕು. ಅದೆಲ್ಲ ಬೇಕಾದ್ದೇ. ಪ್ರಾಣದ ಮಾತು ಮೊದಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ 14ರಲ್ಲಿ ಮಾಂಸ ಇಲ್ಲ. ದನ, ಹಂದಿ, ಕೋಳಿ ಯಾವುದೂ ಇಲ್ಲ. ಇನ್ನೂ ಒಂದು ವಿಷಯ, ‘ವೆಜಿಟೇರಿಯನ್’ ಅನ್ನೋ ಪದಕ್ಕೆ ಬ್ರಿಟನ್ನಿನ ಕಾನೂನಿನಲ್ಲಿ ಒಂದು ವ್ಯಾಖ್ಯಾನವೇ ಇಲ್ಲ. ಗಿರಾಕಿಗೆ ಸುಳ್ಳು ಹೇಳಿ ಮಾರಬಾರದು ಅನ್ನೋ ಸಾಮಾನ್ಯ ನಿಯಮ ಇದೆ, ಅಷ್ಟೇ. ನಮ್ಮ ಅತ್ತೆ ಊರಲ್ಲಿ ಬಿಸ್ಕತ್ ಪ್ಯಾಕೆಟ್ ತಗೊಂಡರೂ ತಿರುಗಿಸಿ ಹಸಿರು ಚುಕ್ಕಿ ನೋಡಿಯೇ ಬಿಚ್ಚುವವರು. ಭಾರತದಲ್ಲಿ ಆ ಚುಕ್ಕಿ ಹಾಕಲೇಬೇಕು. ಇಲ್ಲಿ ಅದಿಲ್ಲ. ನಿಮ್ಮ ಬಾಗಿಲ ಮೇಲೆ ಶುಚಿತ್ವಕ್ಕೆ 5ಕ್ಕೆ 5 ಕೊಟ್ಟ ಹಸಿರು ಕಪ್ಪು ಸ್ಟಿಕ್ಕರ್ ಇದೆ, ಅದೂ ಈ ವಿಷಯ ನೋಡಲ್ಲ. ಅಂದರೆ ನಿಮ್ಮ ಕೌಂಟರಿನಲ್ಲಿ ನಮ್ಮ ಅತ್ತೆಯನ್ನ ಕಾಯುವುದಕ್ಕೆ ಇದ್ದದ್ದು ನಿಮ್ಮ ಮಾತು ಒಂದೇ. ಅದನ್ನ ನಂಬಿದೆವು.

ಹೆಡ್ ಆಫೀಸಿನ ಉತ್ತರದಲ್ಲಿ ಒಂದು ಸಾಲು ಹೀಗಿತ್ತು: ನಮ್ಮ ಗ್ರೇವಿ ಸಸ್ಯಾಹಾರಿಗಳಿಗೆ ತಕ್ಕ ರೆಸಿಪಿಯಲ್ಲೇ ತಯಾರಾಗುತ್ತದೆ. ಇರಬಹುದು ಸ್ವಾಮಿ, ರೆಸಿಪಿ ನಿಜವೇ ಇರಬಹುದು. ಡಬ್ಬದಿಂದ ಪಾತ್ರೆಗೆ ಬೀಳುವವರೆಗೂ ಅದು ನಿಜ. ಆಮೇಲೆ ಹಲಗೆ ಬಗ್ಗುತ್ತೆ. ಫೈಲ್ ಬರೆದವರು ಕೌಂಟರ್ ಹತ್ತಿರ ಒಂದು ಭಾನುವಾರ ನಿಂತಿಲ್ಲ, ಕೌಂಟರಿನಲ್ಲಿ ನಿಂತವರಿಗೆ ಫೈಲಿನಲ್ಲಿ ಏನಿದೆ ಅಂತ ಯಾರೂ ಹೇಳಿಲ್ಲ. ಹೇಳಿದ್ದರೆ ಗಿರಾಕಿಗಳೆದುರೇ ನಗುತ್ತಾ ಸುರಿಯುತ್ತಿದ್ದರಾ?

ಸೌಟಿನ ಕಥೆಯೂ ಇದೇ. ಅವತ್ತು ಆಮೇಲೆ ಕೂತು ನೋಡಿದೆ. ಸ್ಟಫಿಂಗಿನಲ್ಲಿ ಸಾಸೇಜ್ ಮಾಂಸ ಇದೆ ಅಂತ ನಿಮ್ಮ ಚೀಟಿಯಲ್ಲೇ ಬರೆದಿದ್ದೀರಿ. ಸ್ಟಫಿಂಗಿನ ಚಮಚ ಬಟಾಣಿಗೆ ಬಂತು, ಬಟಾಣಿಯದ್ದು ಎಲೆಕೋಸಿಗೆ ಹೋಯಿತು. ಅದು ಗಿರಾಕಿಗಳದ್ದೇ ತಪ್ಪು, ಒಪ್ಪುತ್ತೇನೆ. ಕ್ಯೂನಲ್ಲಿ ಹಿಂದಿನವರು ನೂಕುತ್ತಿರುವಾಗ ಕೈಗೆ ಸಿಕ್ಕಿದ ಚಮಚ ಎತ್ತುತ್ತಾರೆ.

ನಾನು ಕೇಳೋದು ದೊಡ್ಡದೇನಲ್ಲ. ಇನ್ನೊಂದು ಗ್ರೇವಿ ಪಾತ್ರೆ ಇಡಿ. ಮುಚ್ಚಳ ಇರಲಿ, ಅದಕ್ಕೇ ಅಂತ ಒಂದು ಸೌಟಿರಲಿ, ಕೊಯ್ಯುವ ಹಲಗೆಯಿಂದ ಕೈಗೆಟುಕದಷ್ಟು ದೂರ ಇರಲಿ. ಮಾಂಸ ತಿನ್ನದವರ ತರಕಾರಿಯನ್ನ ಅಡುಗೆಮನೆಯಿಂದಲೇ ಬೇರೆ ತಟ್ಟೆಯಲ್ಲಿ ಕಳಿಸಿ, ಕ್ಯೂನ ಗೋಳೇ ಇರಲ್ಲ. ಹಳೇ ಪಾತ್ರೆಗೆ ರಸ ಸುರಿಯೋದನ್ನ ಮಾತ್ರ ದಯವಿಟ್ಟು ನಿಲ್ಲಿಸಬೇಡಿ, ಅದು ನನ್ನದು. ಫೈಲಿನಲ್ಲಿ ಅದರ ಮುಂದಿರುವ ‘ವಿ’ ಅಳಿಸಿದರೆ ಸಾಕು. ಎರಡನೇ ಪಾತ್ರೆ ಇಡೋಕೆ ಜಾಗ ಇಲ್ಲ ಅನ್ನೋದಾದರೆ, ಗ್ರೇವಿ ನಿಮಗಾಗಲ್ಲ ಅಂತ ಬಾರ್‌ನಲ್ಲೇ ಹೇಳಿಬಿಡಿ. ನಾವು ಉಪ್ಪು ಮೆಣಸು ಉದುರಿಸಿಕೊಂಡು ತಿನ್ನುತ್ತೇವೆ. ಅತ್ತೆಯ ಬ್ಯಾಗಿನಲ್ಲಿ ಹೇಗೂ ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತೆ.

ಇಲ್ಲಿರುವ ನಮ್ಮವರಿಗೂ ಒಂದು ಮಾತು. ಅಪ್ಪ ಅಮ್ಮನ್ನ ಕರೆದುಕೊಂಡು ಹೋದಾಗ ‘ಇದು ವೆಜಿಟೇರಿಯನ್ನಾ’ ಅಂತ ಕೇಳಿ ಸುಮ್ನಾಗಬೇಡಿ. ಹೌದು ಅಂದುಬಿಡುತ್ತಾರೆ, ಮನಸ್ಸಲ್ಲಿ ಮೋಸ ಇಲ್ಲದೆಯೇ. ಆಲೂಗಡ್ಡೆ ಯಾವುದರಲ್ಲಿ ಹುರಿದಿದ್ದೀರಿ ಅಂತ ಕೇಳಿ, ದನದ ಕೊಬ್ಬಿನಲ್ಲಿ ಹುರಿಯುವ ಕಡೆ ಬೇಕಾದಷ್ಟಿವೆ. ಹಲಗೆಯ ರಸ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಆಗುತ್ತೆ, ಹಿಂದೆ ಕ್ಯೂ ಇರುತ್ತೆ, ನನಗೂ ಹಾಗೇ ಆಗಿತ್ತು.

ಒಂದು ಸ್ಟಾರ್ ಕೊಟ್ಟು ಪಬ್ಬಿನ ಹೆಸರು ಹಾಕು ಅಂತ ಸ್ನೇಹಿತರು ಹೇಳಿದರು. ಹಾಕಲ್ಲ. ಹಾಕಿದರೆ ಕೆಲಸ ಹೋಗೋದು ಹಲಗೆ ಬಗ್ಗಿಸಿದವರದ್ದು, ಇಲ್ಲಾ ಫೈಲ್ ತೋರಿಸಿದ ಹುಡುಗನದ್ದು. ಹೆಡ್ ಆಫೀಸಿನವರದ್ದಂತೂ ಅಲ್ಲ. ಆ ಹುಡುಗನನ್ನ ಬೈಯಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದೇನೆ. ನಿಮಗೆ ಇದು ನಿಮ್ಮ ಪಬ್ಬೇ ಅಂತ ಗೊತ್ತಾಗುತ್ತೆ, ನನ್ನ ಇಮೇಲ್ ಈಗಲೂ ನಿಮ್ಮ ಹತ್ತಿರ ಇರಬೇಕು.

ಅತ್ತೆ ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ. ಅದಕ್ಕೆ ಮುಂಚೆ ನನ್ನ ಮಗಳ ಹುಟ್ಟುಹಬ್ಬ, ಅವಳಿಗೆ ನಿಮ್ಮ ಪುಡಿಂಗೇ ಬೇಕಂತೆ, ಬೇರೆ ಎಲ್ಲೂ ಬೇಡವಂತೆ. ಅಜ್ಜಿ ಬರದೆ ಕೇಕ್ ಕತ್ತರಿಸಲ್ಲ ಅಂತಲೂ ಹೇಳಿದ್ದಾಳೆ. ಅಜ್ಜಿ “ಬರ್ತೀನಿ, ಆದ್ರೆ ನನ್ನ ಡಬ್ಬಿ ನಾನೇ ತರ್ತೀನಿ” ಅಂತ ಒಪ್ಪಿದ್ದಾರೆ. ಹೊರಗಿನ ಊಟ ಒಳಗೆ ತರುವಂತಿಲ್ಲ ಅಂತ ನಿಮ್ಮ ಬಾಗಿಲಲ್ಲಿ ಬೋರ್ಡ್ ಇದೆ, ನೋಡಿದ್ದೇನೆ. ಕೊನೇ ಭಾನುವಾರ ಮಧ್ಯಾಹ್ನ ಒಂದೂವರೆಗೆ ಐದು ಜನಕ್ಕೆ ಟೇಬಲ್ ಬುಕ್ ಮಾಡಿದ್ದೇನೆ. ಮೊದಲು ನಾನೊಬ್ಬನೇ ಒಳಗೆ ಬಂದು ಕೌಂಟರ್ ನೋಡುತ್ತೇನೆ. ಎರಡು ಪಾತ್ರೆ ಇದ್ದರೆ ಡಬ್ಬಿ ಕಾರಿನಲ್ಲೇ ಇರುತ್ತೆ. ಇಲ್ಲದಿದ್ದರೆ ಅತ್ತೆಯ ಜೊತೆ ಅದೂ ಒಳಗೆ ಬರುತ್ತೆ, ಬೋರ್ಡಿನ ವಿಷಯ ಆಗ ನಿಂತು ಮಾತಾಡೋಣ.

ಇಂತಿ,
ನಿಮ್ಮ ಹಳೇ ಗಿರಾಕಿ